ಹಗ್ಗ ಹಿಡಿದವರ ಪಾಲು

ಅರುವತ್ತೈದನೇ ಇಸವಿಯ ಆಟಿ ತಿಂಗಳು. ಮಳೆಗೆ ಹೆದರಿ ಒಂದು ದೋಣಿಯೂ ಕಡಲಿಗೆ ಇಳಿದಿರಲಿಲ್ಲ. ಹೊಸ ಬಂದರು ಕಟ್ಟಲೆಂದು ಪಣಂಬೂರಿನ ಮನೆ ಬಿಟ್ಟುಕೊಟ್ಟು ನಾವು ದೇರೆಬೈಲಿಗೆ ಬಂದಿದ್ದೆವು. ಗೆಳೆಯ ಯೂಸುಫ್ ಮಧ್ಯಾಹ್ನ ಕಿಟಕಿ ಮುಚ್ಚಿ, ತಾನು ತೆಗೆದ ಸಿನಿಮಾವನ್ನು ನಮ್ಮ ಗೋಡೆಯ ಮೇಲೆ ಬಿಟ್ಟ. ಮನೆಗಳನ್ನು ಕೆಡಹುವ ಬುಲ್ಡೋಜರಿನ ಚಿತ್ರದ ಮೇಲೆಯೇ, ದಡದಲ್ಲಿ ಬಲೆ ಎಳೆಯುವವರ ಚಿತ್ರವನ್ನು, ಎರಡೂ ಒಟ್ಟಿಗೆ ಕಾಣುವಂತೆ ಕೂಡಿಸಿದ್ದ. ಹಗ್ಗದ ತುದಿಯಲ್ಲಿ ನನ್ನ ಅಪ್ಪ ನಿಂತಿದ್ದರು. ನಲವತ್ತೆರಡರ ಚಳವಳಿಯಲ್ಲಿ ಜೈಲಿಗೆ ಹೋಗಿ ಅಲ್ಲೇ ತೀರಿಕೊಂಡವರು.

"ಇವರನ್ನು ನಾನು ತೆಗೆದದ್ದೇ ಇಲ್ಲ ಮಾರಾಯ," ಎಂದ ಯೂಸುಫ್. ಕೋಣೆ ತುಂಬ ಒದ್ದೆ ಹಗ್ಗದ ವಾಸನೆ.

ಅಮ್ಮ ಮಾತ್ರ ನಗುತ್ತ ಖಾಲಿ ಬುಟ್ಟಿ ತಂದು ಗೋಡೆಯ ಬುಡದಲ್ಲಿ ಇಟ್ಟರು. "ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು ಉಂಟಲ್ಲ!"

ಆ ಸಂಜೆ ನಾವು ಮೂವರೂ ಅದೇ ಬುಟ್ಟಿಯ ತಾಜಾ ಬಂಗುಡೆಯ ಸಾರು ಉಂಡೆವು. ಯೂಸುಫ್ ಎರಡು ಸಲ ಬಡಿಸಿಕೊಂಡ.