ನಿಂತಲ್ಲೇ ಓಡುವ ಸೈಕಲ್ಲು

"ಉಸಿರು ಹಿಡ್ಕೊಂಡಿದೀರ. ಬಿಡಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹತ್ತು ವರ್ಷದಿಂದ ಬಟ್ಟೆ ಹೊಲಿಯುವವಳು ಅವಳು. ಅಳತೆ ಕೊಡಲು ಬಂದು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವವರಿಗೆಲ್ಲ ಅವಳೇ ಹೇಳುತ್ತಿದ್ದ ಮಾತಿದು. ಈಗ ಈ ಸೈಕಲ್ ಮೆಕ್ಯಾನಿಕ್, ಅವಳ ಪಾದದ ಬಳಿ ಟೇಪು ಹಿಡಿದು ಮಂಡಿಯೂರಿಕೊಂಡು, ಅವಳಿಗೇ ಹೇಳುತ್ತಿದ್ದಾನೆ!

"ಹಿಡ್ಕೊಂಡಿಲ್ಲ ರೀ. ನಾನಿರೋದೇ ಹೀಗೆ."

ಅವನು ತಲೆಯೆತ್ತಿದ. ಹುಬ್ಬಿನ ಮೇಲೆ ಗ್ರೀಸು, ಕಣ್ಣಿನಲ್ಲಿ ತಡೆದಿಟ್ಟುಕೊಂಡ ನಗು...

"ಸರಿ ಟೈಲರ್ ಮೇಡಂ. ನೆಲದ ಮೇಲೆ ಕೂತು ಬೆನ್ನು ಗೋಡೆಗೆ ತಾಗಿಸಿ, ಕಾಲು ಚಾಚಿ. ಗೋಡೆಯಿಂದ ಹಿಮ್ಮಡಿವರೆಗೆ ಒಂದು ಅಳತೆ, ಅಷ್ಟೇ."

ಅವಳು ಗೋಡೆಗೆ ಒರಗಿ ಕೂತಳು. ಅಂಗಿಯೊಳಗೆ ಸೊಂಟದ ಸುತ್ತ ದಪ್ಪನೆಯ ಬೆಲ್ಟು ಬಿಗಿದಿತ್ತು. ಅದರ ವಿಷಯ ಮಾತ್ರ ಬಾಯಿಬಿಡಲಿಲ್ಲ. ಊರಿಗೆಲ್ಲ ಅಳತೆ ಹಾಕುವವಳು ತನ್ನ ಅಳತೆಯಲ್ಲಿ ಒಂದು ಇಂಚು ಸುಳ್ಳು ಸೇರಿಸಿಬಿಟ್ಟಳು.

ಹದಿನಾಲ್ಕು ತಿಂಗಳ ಹಿಂದೆ ಅಕ್ಕ ಓಡಿಸುತ್ತಿದ್ದ ಸ್ಕೂಟರಿನಿಂದ ಬಿದ್ದು ಅವಳ ಬೆನ್ನು ಮೂಳೆ ಬಿರುಕು ಬಿಟ್ಟಿತ್ತು. ಬೆಲ್ಟು ಮೂರು ತಿಂಗಳು ಸಾಕು ಎಂದಿದ್ದರು ಡಾಕ್ಟರು. ಅಕ್ಕ ಮಾತ್ರ ಪ್ರತಿ ತಿಂಗಳೂ "ಇನ್ನೊಂದೇ ತಿಂಗಳು ಪುಟ್ಟಿ" ಎನ್ನುತ್ತಲೇ ಬಂದಳು. ನಾಲ್ಕನೇ ಮಹಡಿಯ ಮನೆ. ಹೊರಬಾಗಿಲ ಬೀಗದ ಕೈ ಅಕ್ಕನ ಸೆರಗಿನಲ್ಲಿ. ಹೊಲಿಗೆಗೆ ಬಟ್ಟೆ ಮನೆಗೇ ಬರುತ್ತಿತ್ತು, ಹೊಲಿದದ್ದು ಹೊರಗೆ ಹೋಗುತ್ತಿತ್ತು. ಹೋಗದಿದ್ದವಳು ಅವಳೊಬ್ಬಳೇ!

ಜಗಳವಾಡೋಣವೆಂದರೆ ಅಕ್ಕ ಕೆಟ್ಟವಳಲ್ಲ. ಅವಳ ಪ್ರೀತಿ ಬಾಯಲ್ಲಿಟ್ಟ ಬಿಸಿತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ.

ಕೊನೆಗೆ ಡಾಕ್ಟರೇ ಗದರಿದರು. "ಸೈಕಲ್ ತುಳೀಲಿ ಕಣಮ್ಮ. ಒರಗಿ ಕೂತು ಓಡಿಸೋದು ಸಿಗುತ್ತಲ್ಲ, ಬೆನ್ನಿಗೆ ಭಾರ ಬೀಳಲ್ಲ." ಅಕ್ಕ ಎಲ್ಲೋ ಹುಡುಕಿ ಹಳೆಯದೊಂದನ್ನು ಕೊಂಡಳು. ಆರಾಮಕುರ್ಚಿಗೆ ಎರಡು ಚಕ್ರ ಸಿಕ್ಕಿಸಿದ ಹಾಗಿತ್ತು ಅದು. ಮುಂದಕ್ಕೆ ಚಾಚಿದ ಕೊಳವೆಯ ತುದಿಯಲ್ಲಿ ಪೆಡಲು. ಮೊದಲಿನ ಯಜಮಾನ ಆರಡಿಯ ಆಳಿರಬೇಕು, ಇವಳ ಕಾಲು ಪೆಡಲಿಗೆ ಎಟುಕುತ್ತಲೇ ಇರಲಿಲ್ಲ.

ಅದಕ್ಕೇ ಎರಡು ಬೀದಿ ಆಚೆಯ ಅಂಗಡಿಯಿಂದ ಮೆಕ್ಯಾನಿಕ್ ಬಂದದ್ದು. ಆದರೆ ಅಕ್ಕನದೊಂದು ಷರತ್ತಿತ್ತು. ಸೈಕಲ್ಲು ಹಜಾರದಲ್ಲೇ, ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಇರಬೇಕು. ಎಷ್ಟು ತುಳಿದರೂ ಎದುರಿಗೆ ಅದೇ ಗೋಡೆ, ಅದೇ ಗಡಿಯಾರ.

ಅವನು ಪ್ರತಿ ಶನಿವಾರ ಬರತೊಡಗಿದ. ಕೊಳವೆ ಕತ್ತರಿಸಿ ಚಿಕ್ಕದು ಮಾಡಿದ. ಹ್ಯಾಂಡಲ್ಲನ್ನು ಅವಳ ಮೊಣಕೈಯತ್ತ ಬಗ್ಗಿಸಿದ. ಸೀಟಿನ ಹಿಂದೆ ಎತ್ತಿ ಹಿಡಿಯಲೊಂದು ಹಿಡಿ ಕೂರಿಸಿದ. ಸೀಟಿನ ಬಟ್ಟೆಯನ್ನು ಅವಳೇ ಹೊಲಿದಳು.

"ಇಲ್ಲಿ ಎರಡು ಸಲ ಹೊಲಿಗೆ ಹಾಕ್ಬೇಕು. ಇಲ್ಲಾಂದ್ರೆ ಭಾರಕ್ಕೆ ಬಿಟ್ಕೊಳುತ್ತೆ."

"ನಮ್ಮ ಬೆಸುಗೇನೂ ಹಾಗೇ. ಒಂದು ಸಲ ಸಾಲದು."

ಇಬ್ಬರೂ ಒಟ್ಟಿಗೇ ನಕ್ಕರು. ಅಡುಗೆಮನೆಯಿಂದ ಅಕ್ಕ ಕೆಮ್ಮಿದಳು.

ಏನು ಮಾಡಿದರೂ ಸೀಟು ಮಾತ್ರ ಅವಳ ಬೆನ್ನಿಗೆ ಕೂರಲಿಲ್ಲ. "ಅರ್ಧ ಇಂಚು ಹಿಂದಕ್ಕೆ..." "ಅರ್ಧ ಇಂಚು ಮೇಲಕ್ಕೆ..." ಮೂರು ಸಲ ಬಿಚ್ಚಿದ, ಮೂರು ಸಲ ಕೂರಿಸಿದ. ಅವಳು ಮನಸ್ಸಿನಲ್ಲೇ ಅವನಿಗೆ 'ಅರ್ಧಿಂಚು' ಎಂದು ಹೆಸರಿಟ್ಟುಬಿಟ್ಟಿದ್ದಳು. ತಪ್ಪು ಬೆಲ್ಟಿನದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು, ಕಳ್ಳಿ!

ಮೂರನೇ ಶನಿವಾರ ತಡೆಯಲಾರದೆ ಕೇಳಿದಳು. "ಇದು ಸ್ಟ್ಯಾಂಡಿನಿಂದ ಯಾವತ್ತಾದ್ರೂ ಇಳಿಯುತ್ತಾ?"

ಅವನು ಅವಳ ಮುಖವನ್ನೇ ನೋಡಿದ. "ನಿಮಗೆ ಯಾವತ್ತು ಬೇಕು ಅನ್ಸುತ್ತೋ, ಅವತ್ತು."

ಆ ಒಂದು ಮಾತು ಹಿಡಿದುಕೊಂಡು ಅವಳು ಇಡೀ ವಾರ ಬದುಕಿದಳು. ಆ ಶನಿವಾರ ಹೊರಡುವಾಗ ಅವನು ಲಿಫ್ಟಿನೊಳಗೆ ಟೇಪು ಹಿಡಿದು ಅಳೆಯುತ್ತಿದ್ದುದನ್ನು ಕಂಡು, ಇವನಿಗೆ ಅಳೆಯುವುದೇ ಒಂದು ಚಟ ಎಂದು ನಕ್ಕಿದ್ದಳು.

ನಾಲ್ಕನೇ ಶನಿವಾರ ಅಡುಗೆಮನೆಯ ಬಾಗಿಲಲ್ಲಿ ಅಕ್ಕನ ದನಿ ಕೇಳಿಸಿತು.

"ನೋಡಪ್ಪ, ಅವಳು ಎಷ್ಟೇ ಗೋಗರೆದ್ರೂ ಈ ಸ್ಟ್ಯಾಂಡಿನ ನಟ್ಟು ಬಿಚ್ಚೋ ಸ್ಪ್ಯಾನರ್ ಅವಳ ಕೈಗೆ ಕೊಡ್ಬೇಡ."

"ಕೊಡಲ್ಲ ಅಕ್ಕ. ಮಾತು ಕೊಟ್ಟೆ."

ಅವಳು ಹೊಲಿಗೆ ನಿಲ್ಲಿಸಿದಳು. ಇವನೂನಾ...? ಅಕ್ಕನ ಜೊತೆ ಸೇರಿಕೊಂಡು ಪಂಜರ ಕಟ್ಟಿಕೊಡಲು ಬಂದವನಾ? ಆ ಪಂಜರಕ್ಕೆ ನಾನೇ ಬಟ್ಟೆ ಹೊಲಿದುಕೊಟ್ಟೆನಲ್ಲ!

"ನಿಮ್ಮ ಕೆಲಸ ಮುಗೀತು. ಇನ್ಮೇಲೆ ಬರ್ಬೇಡಿ."

"ಮೇಡಂ, ಒಂದ್ನಿಮಿಷ..."

"ಅರ್ಧ ನಿಮಿಷಾನೂ ಬೇಡ!"

ಅವನು ಅಕ್ಕನ ಕಡೆ ನೋಡಿದ, ಇವಳ ಕಡೆ ನೋಡಿದ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮೆಲ್ಲಗೆ ಹೇಳಿದ. "ಸ್ಟ್ಯಾಂಡಿನ ಎರಡು ಕಡೆ ರಬ್ಬರ್ ಟೋಪಿ ಇದೆ. ಧೂಳು ಕೂರುತ್ತೆ. ಆಗಾಗ ತೆಗೆದು ಒರೆಸಿ."

ಒರೆಸುತ್ತಾಳಂತೆ! ಎಂಟು ದಿನ ಅವಳು ಸೈಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ಶನಿವಾರ ಬಂತು. ಬಾಗಿಲು ತಟ್ಟುವ ಸದ್ದಿಲ್ಲ. ಯಂತ್ರದ ಮುಂದೆ ಕೂತವಳು ಅಂಗಿಯ ತೋಳನ್ನು ತಿರುಗುಮುರುಗಾಗಿ ಹೊಲಿದಿಟ್ಟಳು. ನಾನು ಹೊರಗೆ ಹೋಗದಿದ್ದರೆ ಪರವಾಗಿಲ್ಲ... ಅವನು ಒಳಗೆ ಬರದೇ ಹೋದರೆ...? ಕಣ್ಣು ತುಂಬಿತು. ಅವನ ಮೇಲೆ ಸಿಟ್ಟು, ತನ್ನ ಮೇಲೆ ಅದಕ್ಕಿಂತ ಸಿಟ್ಟು.

ಒಂಬತ್ತನೇ ದಿನ ಬೆಳಿಗ್ಗೆ ಆ ಸಿಟ್ಟಿನಲ್ಲೇ ಒರೆಸುವ ಬಟ್ಟೆ ಹಿಡಿದು ಕೂತಳು. ರಬ್ಬರ್ ಟೋಪಿ ಎಳೆದಳು.

ಒಳಗಿದ್ದದ್ದು ಸ್ಪ್ಯಾನರ್ ಹಾಕುವ ನಟ್ಟಲ್ಲ. ಎರಡು ಕಿವಿಯಿದ್ದ ನಟ್ಟು. ಬೆರಳಲ್ಲೇ ತಿರುಗಿಸುವಂಥದ್ದು.

ಇನ್ನೊಂದು ಕಡೆಯೂ ಅದೇ.

ಸ್ಪ್ಯಾನರ್ ಕೊಡಲ್ಲ ಅಂತ ಮಾತು ಕೊಟ್ಟಿದ್ದ, ಕೊಡಲಿಲ್ಲ. ಸ್ಪ್ಯಾನರ್ ಬೇಕಾಗದ ಹಾಗೆ ಮಾಡಿಟ್ಟು ಹೋಗಿದ್ದ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು... ಹಾಗಾದರೆ ಸೀಟಿನ ಹಿಂದಿನ ಹಿಡಿ? ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಲು. ಲಿಫ್ಟಿನ ಅಳತೆ? ಅಯ್ಯೋ, ದೇವರೇ! ಅವನು ಅಳೆಯುತ್ತಿದ್ದದ್ದು ಅವಳು ಹೊರಗೆ ಹೋಗುವ ದಾರಿಯನ್ನು. ಅವಳು ಅವನನ್ನೇ ಹೊರಗೆ ಕಳಿಸಿದ್ದಳು.

ನಟ್ಟು ತಿರುಗಿತು. ಚಕ್ರ ನೆಲಕ್ಕೆ ಇಳಿಯಿತು. ಸದ್ದಿಗೆ ಅಕ್ಕ ಓಡಿಬಂದಳು.

"ಪುಟ್ಟಿ! ಏನು ಮಾಡ್ತಿದೀಯ? ಬಿದ್ರೆ?"

ಅವಳು ಅಂಗಿಯೊಳಗೆ ಕೈಹಾಕಿ ಬೆಲ್ಟು ಬಿಚ್ಚಿದಳು. ಪರ್‍ರ್ ಎಂದು ಬಿಟ್ಟುಕೊಂಡಿತು. ಅದನ್ನು ಅಕ್ಕನ ಕೈಯಲ್ಲಿಟ್ಟಳು.

"ಬಿದ್ರೆ ಏಳ್ತೀನಿ ಅಕ್ಕ. ಹದಿನಾಲ್ಕು ತಿಂಗಳಿಂದ ಬೀಳ್ದೇನೇ ಬಿದ್ಕೊಂಡಿದೀನಲ್ಲ..."

ಅಕ್ಕ ಬೆಲ್ಟನ್ನು ಎದೆಗೊತ್ತಿಕೊಂಡಳು. "ಬೀಳಿಸಿದವಳು ನಾನು ಕಣೇ. ಇನ್ನೊಂದು ಸಲ ಬಿದ್ರೆ ನಾನು ಹೇಗೆ ಬದುಕ್ಲಿ?"

ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಈ ಮಾತು ಹೊರಗೆ ಬಂದಿತ್ತು. ಬೀಗ ಬಿದ್ದದ್ದು ಇಬ್ಬರಿಗೂ ಎಂದು ಅವಳಿಗೆ ಆಗಲೇ ಹೊಳೆದದ್ದು. ಅಕ್ಕನನ್ನು ತಬ್ಬಿಕೊಂಡಳು. ಇಬ್ಬರೂ ಚೆನ್ನಾಗಿ ಅತ್ತರು. ಆಮೇಲೆ ಅಕ್ಕ ಮೂಗೊರೆಸಿಕೊಂಡು, ಸೆರಗಿನ ಗಂಟು ಬಿಚ್ಚಿ, ತಾನೇ ಬಾಗಿಲು ತೆಗೆದಳು.

"ಲಿಫ್ಟಲ್ಲಿ ಹಿಡಿಸುತ್ತೇನೇ ಇದು?"

"ಹಿಡಿಸುತ್ತೆ. ಅಳೆದಿದಾರೆ."

ಹಿಡಿಸಿತು. ಅರ್ಧ ಇಂಚು ಉಳಿಯಿತು.

ಗೇಟು ದಾಟಿ ಹತ್ತಿ ಕೂತಳು. ಬೆಲ್ಟಿಲ್ಲದ ಬೆನ್ನು ಸೀಟಿನ ಆಳಕ್ಕೆ ಹೋಯಿತು, ಪೆಡಲು ಬೆರಳ ತುದಿಗಷ್ಟೇ ಸಿಕ್ಕಿತು. ಎರಡು ಸುತ್ತು ತುಳಿದಳು. ಸೈಕಲ್ಲು ವಾಲಿತು, ಇನ್ನಷ್ಟು ವಾಲಿತು...

ಬಿದ್ದಳು.

ಮಂಡಿಯೆತ್ತರದ ಸೀಟು. ಮೊಣಕೈ ತರಚಿತು, ಅಷ್ಟೇ. ರಸ್ತೆಯ ಮೇಲೆ ಕೂತು ಅವಳು ಗಟ್ಟಿಯಾಗಿ ನಕ್ಕಳು. ಇಷ್ಟೇನಾ? ಇಷ್ಟಕ್ಕೇನಾ?

ಎರಡು ಬೀದಿ ತುಳಿದು, ತಳ್ಳಿ, ಮತ್ತೆ ತುಳಿದು ಅವನ ಅಂಗಡಿ ಮುಟ್ಟಿದಳು. ಚಕ್ರದ ಕಡ್ಡಿ ಬಿಗಿಯುತ್ತಿದ್ದವನು ಎದ್ದು ನಿಂತ.

"ರಕ್ತ... ಬಿದ್ರಾ?"

"ಬಿದ್ದೆ!" ಬಹುಮಾನ ಗೆದ್ದವಳ ಹಾಗೆ ಮೊಣಕೈ ತೋರಿಸಿದಳು. ಆಮೇಲೆ ದನಿ ಸಣ್ಣದಾಯಿತು. "ಪೆಡಲು ಒಂದಿಂಚು ದೂರ ಇದೆ. ನಿಮ್ಮ ತಪ್ಪಲ್ಲ. ಅಳತೆ ಕೊಡುವಾಗ ನಾನು ಬೆಲ್ಟ್ ಹಾಕಿದ್ದೆ."

"ಬೆಲ್ಟಾ!" ಅವನು ತಲೆಗೆ ಕೈಯಿಟ್ಟುಕೊಂಡ. "ಮೂರು ಸಲ ಸೀಟು ಬಿಚ್ಚಿ ಕೂರಿಸಿದೆನಲ್ರೀ! ಕಲಿತ ವಿದ್ಯೆ ಮರೆತುಹೋಯ್ತಾ ಅಂತ ಅನ್ನ ಸೇರ್ತಿರ್ಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ?"

"ಮೊದಮೊದಲು ನಾಚಿಕೆ. ಆಮೇಲೆ..." ಅವಳು ನೆಲ ನೋಡಿದಳು. "ಅಳತೆ ಸರಿಹೋದ್ರೆ ನೀವು ಬರೋದು ನಿಂತುಹೋಗುತ್ತಲ್ಲ."

ಅವನು ಅವಳ ಸೈಕಲ್ಲನ್ನು ಗೋಡೆಗೆ ಆನಿಸಿ ನಿಲ್ಲಿಸಿದ.

"ನಿಮ್ಮ ಮೇಲೆ ಕೂಗಾಡಿಬಿಟ್ಟೆ. ಅವತ್ತೇ ಹೇಳಬಾರದಿತ್ತಾ, ನಟ್ಟಿನ ವಿಷಯ?"

"ಅಕ್ಕನಿಗೆ ಮಾತು ಕೊಟ್ಟಿದ್ದೆ. ಮತ್ತೆ... ನಾನು ಬಿಡಿಸಿದ್ರೆ ಅದು ನಾನು ಬಿಡಿಸಿದ ಹಾಗಾಗುತ್ತೆ. ನೀವೇ ಬಿಚ್ಚಬೇಕಿತ್ತು."

"ಬಿಚ್ಚದೇ ಇದ್ದಿದ್ರೆ?"

"ದಿನಾ ಇದೇ ಬೀದಿ ನೋಡ್ತಾ ಕೂತಿರ್ತಿದ್ದೆ." ಅವನು ಕೈ ಒರೆಸಿಕೊಂಡು ಟೇಪು ತಂದ. "ಗೋಡೆಗೆ ಒರಗಿ. ಈ ಸಲ ನಿಜವಾದ ಅಳತೆ."

ಅವಳು ಗೋಡೆಗೆ ಒರಗಿ ಕೂತು ಕಾಲು ಚಾಚಿದಳು. ಅವನು ಪಾದದ ಬಳಿ ಮಂಡಿಯೂರಿದ. ಟೇಪನ್ನು ಹಿಮ್ಮಡಿಗೆ ಹಿಡಿದವನು ಅಂಕಿ ಓದುವುದನ್ನೇ ಮರೆತು ಅವಳ ಮುಖ ನೋಡಿದ. ಅವಳು ಮುಂದಕ್ಕೆ ಬಾಗಿ, ಅವನ ಹುಬ್ಬಿನ ಗ್ರೀಸನ್ನು ಹೆಬ್ಬೆರಳಿನಿಂದ ಒರೆಸಿದಳು.

"ಉಸಿರು ಹಿಡ್ಕೊಂಡಿದೀರ," ಎಂದಳು. "ಬಿಡಿ."