ಬಣ್ಣ ಮುಟ್ಟದ ಗೆರೆ

ಹೆಣ ನಡುಮನೆಯಲ್ಲಿ ಬಿದ್ದಿತ್ತು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ಪೇಂಟರ್ ಕೂತು ಕೆಲಸ ಮಾಡುವ ಮೋಟು ಸ್ಟೂಲು ಉರುಳಿತ್ತು. ಮನೆ ತುಂಬ ಹೊಸ ಬಣ್ಣದ ವಾಸನೆ.

ಸತ್ತವಳಿಗೆ ಐವತ್ತೆರಡು. ಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ತಾಯಿ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟು ಮೂರು ವರ್ಷ ಅವಳ ಸೇವೆ ಮಾಡಿದಳು. ತಾಯಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಮನೆಯಲ್ಲಿ ಉಳಿದಿದ್ದವರು ಇವಳು ಮತ್ತು ಇವಳ ತಮ್ಮ. ಇಬ್ಬರಿಗೂ ಮದುವೆಯಿಲ್ಲ. ತಮ್ಮ ಎರಡು ಬೀದಿ ಆಚೆ ಕನ್ನಡಕದ ಅಂಗಡಿಯಲ್ಲಿ ಗಾಜು ಸಾಣೆ ಹಿಡಿಯುವವನು. ಸಂಜೆ ಐದೂವರೆಗೆ ಮನೆಗೆ ಬಂದು ನೋಡಿ ಅವನೇ ಫೋನ್ ಮಾಡಿದ್ದ. ನಾವು ಹೋದಾಗ ಅಕ್ಕನ ಪಾದ ಹಿಡಿದು ಕೂತಿದ್ದ. ಬಿಕ್ಕುತ್ತಿದ್ದವನಿಗೆ ನಾನೇ ನೀರು ತಂದುಕೊಟ್ಟೆ.

ಸ್ಟೂಲು ಹತ್ತಿ ಜಾರಿದ್ದಾಳೆ ಎಂದೆ. ನಾನು ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತಾರು ವರ್ಷದ ಸರ್ವೀಸು. ತೀರ್ಪು ಕೊಡುವುದು ನನಗೆ ನೀರು ಕುಡಿದಷ್ಟು ಸುಲಭ.

ಇನ್‌ಸ್ಪೆಕ್ಟರ್ ಮೇಡಂ ಸ್ಟೂಲನ್ನು ನೋಡಿದರು. ಅದರ ಎತ್ತರ ಒಂದು ಗೇಣು.

"ಇದರಿಂದ ಬಿದ್ದು ಯಾರ್ರೀ ಸಾಯ್ತಾರೆ?" ಎಂದರು.

ಡಾಕ್ಟರೂ ಅದನ್ನೇ ಹೇಳಿದರು. ಗಾಯ ಮಾಡಿದ್ದು ಕಬ್ಬಿಣದ ಚೂಪು ಮೂಲೆ. ನಡುಮನೆಯಲ್ಲಿ ಅಂಥದ್ದೇನೂ ಇಲ್ಲ. ಜೀವ ಹೋಗಿದ್ದು ಮಧ್ಯಾಹ್ನ ಹನ್ನೆರಡರಿಂದ ಎರಡರ ಒಳಗೆ.

* * *

ನನ್ನ ತೀರ್ಪು ಬದಲಾಯಿತು. ಪೇಂಟರ್.

ಬಾಗಿಲ ಚೌಕಟ್ಟುಗಳಿಗೆ ಮತ್ತು ಗೋಡೆಯ ಬುಡದ ಮರದ ಪಟ್ಟಿಗೆ, ಅಂದರೆ ಸ್ಕರ್ಟಿಂಗ್‌ಗೆ, ಬಣ್ಣ ಹೊಡೆಯಲು ಅಕ್ಕ ಅವನನ್ನು ಗೊತ್ತುಮಾಡಿದ್ದಳು. ಮೂರು ದಿನದಿಂದ ಬರುತ್ತಿದ್ದ. ಆ ದಿನ ಬೆಳಿಗ್ಗೆ ಇಬ್ಬರಿಗೂ ಜೋರು ಮಾತಾಯಿತೆಂದು ಪಕ್ಕದ ಮನೆಯ ಟೈಲರಮ್ಮ ಹೇಳಿದಳು. ಹನ್ನೊಂದಕ್ಕೆ ಅವನು ಮುಖ ಊದಿಸಿಕೊಂಡು ಹೊರಟುಹೋದನಂತೆ. ಅವನ ಚೀಲದಲ್ಲಿ ಹಳೇ ಬಣ್ಣ ಕೆರೆಯುವ ಕಬ್ಬಿಣದ ತಗಡಿತ್ತು. ಮೂಲೆ ಚೂಪಾಗಿತ್ತು. ಮತ್ತೆ ಬಂದು ಹೊಡೆದಿದ್ದಾನೆ, ಇನ್ನೇನು ಬೇಕು? ಇನ್ನೊಂದು ಮನೆಯಲ್ಲಿ ಕಿಟಕಿ ಉಜ್ಜುತ್ತಿದ್ದವನನ್ನು ಎತ್ತಿಕೊಂಡು ಬಂದೆ. ಜಗಳ ಯಾಕೆ ಬಂತು ಎಂದರೆ ತುಟಿ ಪಿಟಕ್ ಎನ್ನಲಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ತಮ್ಮನ ವಿಷಯವನ್ನೂ ವಿಚಾರಿಸಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಡಿಯಲ್ಲೇ ಇದ್ದ, ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚುತ್ತಾನೆ ಎಂದು ಮಾಲೀಕ ಹೇಳಿದ. ನಾನು ಬರೆದುಕೊಂಡೆ.

ಎರಡು ದಿನ ಕಳೆಯಿತು. ಲಾಕಪ್‌ನಲ್ಲಿ ಪೇಂಟರ್ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಹೆಂಡತಿ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಕೊಲೆಗಾರ ಎಂಬ ಹೆಸರು ಬಂದವನನ್ನು ಯಾರು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ ಸಾರ್, ಅವರಿಗೆ ಬೇರೆ ಕಸುಬು ಗೊತ್ತಿಲ್ಲ, ಎಂದು ಒಮ್ಮೆ ಕೇಳಿದಳು.

ಮೂರನೇ ದಿನ ಬೆಳಿಗ್ಗೆ ಮೇಡಂ ಅವನನ್ನು ಜೀಪು ಹತ್ತಿಸಿದರು.

* * *

ತಾಯಿಯ ಕೋಣೆಗೆ ನಾನು ಮೊದಲ ದಿನವೇ ಇಣುಕಿದ್ದೆ. ಕಬ್ಬಿಣದ ಮಂಚ, ಮೂಲೆಯಲ್ಲಿ ಮಡಚಿಟ್ಟ ಗಾಲಿಕುರ್ಚಿ. ಗೋಡೆಯ ಬುಡದ ಪಟ್ಟಿಗೆ ಮಂಚದ ಬಳಿ ಮೂರಡಿ ಮಾತ್ರ ಬಣ್ಣ ಬಿದ್ದಿತ್ತು. ಕೆಲಸ ಅರ್ಧಕ್ಕೆ ಬಿಟ್ಟು ಎದ್ದಿದ್ದಾನೆ ಎಂದುಕೊಂಡು ಬಾಗಿಲು ಹಾಕಿದ್ದೆ.

ಮೇಡಂ ಅವನನ್ನು ಆ ಪಟ್ಟಿಯ ಮುಂದೆ ಕೂರಿಸಿದರು. ಅವನು ಬೆರಳಿನಿಂದ ಸವರಿ ತಲೆಯಾಡಿಸಿದ.

"ಇದು ನನ್ನ ಕೈಯಲ್ಲ ಮೇಡಂ."

ಮೊದಲು ಉಪ್ಪುಕಾಗದದಲ್ಲಿ ಉಜ್ಜಬೇಕು, ತಗ್ಗಿಗೆ ಪುಟ್ಟಿ ತುಂಬಬೇಕು, ಆಮೇಲೆ ಬಣ್ಣ. ಇಲ್ಲಿ ಧೂಳಿನ ಮೇಲೇ ಹೊಡೆದಿದ್ದಾರೆ ಎಂದ. ಬಣ್ಣದ ಡಬ್ಬಿಯ ಜೊತೆ ಅವನು ಇಲ್ಲೇ ಬಿಟ್ಟುಹೋಗಿದ್ದ ಬ್ರಷ್ ಬಚ್ಚಲಲ್ಲಿತ್ತು, ತೋರಿಸಿದೆವು. ಅದು ನೀರಿನ ಬಕೆಟ್‌ನಲ್ಲಿ ಕಡ್ಡಿಯಂತೆ ಬಿಗಿದಿತ್ತು. ಆಯಿಲ್ ಪೇಂಟ್ ಬ್ರಷ್ಷನ್ನು ಟರ್ಪೆಂಟೈನ್‌ನಲ್ಲಿ ತೊಳೆಯುವುದು ಬಿಟ್ಟು ನೀರಿಗೆ ಹಾಕುವವನು ಈ ಕಸುಬಿನವನೇ ಅಲ್ಲ ಎಂದು ಬೇಜಾರು ಮಾಡಿಕೊಂಡ. ಲಾಕಪ್ಪಿಗಿಂತ ಆ ಬ್ರಷ್ಷೇ ಅವನಿಗೆ ಹೆಚ್ಚು ನೋವು ಕೊಟ್ಟಂತೆ ಕಂಡಿತು.

ಪಟ್ಟಿಯ ಉದ್ದಕ್ಕೂ, ಬಿಳಿ ಬಣ್ಣದ ನಡುವೆ, ಬೆರಳಗಲದ ಒಂದು ಗೆರೆ ಬಣ್ಣವಿಲ್ಲದೆ ಉಳಿದಿತ್ತು. ಅಲ್ಲಿ ಮರ ಸವೆದು ಗುಳಿಬಿದ್ದಿತ್ತು. ನನ್ನ ಕಣ್ಣಿಗೆ ಅದು ಅಡ್ಡಾದಿಡ್ಡಿ ಕೆಲಸ.

"ಬಿಟ್ಟು ಹೋಗಿದ್ದಲ್ಲ ಸಾರ್, ಬೇಕಂತಲೇ ಬಿಟ್ಟಿರೋದು. ಎರಡೂ ಅಂಚು ನೋಡಿ, ಒಂದು ಕಡೆನೂ ತುಳುಕಿಲ್ಲ. ಟೇಪ್ ಅಂಟಿಸ್ದೆ ಇಷ್ಟು ನೇರ ನನಗೂ ಬರಲ್ಲ. ಬಣ್ಣದ ಕೆಲಸ ಬರ್ದೇ ಇರೋ ಒಳ್ಳೆ ಕೈ ಇದು."

ಮೇಡಂ ಗಾಲಿಕುರ್ಚಿ ಬಿಡಿಸಿ ಗೋಡೆಗೆ ಒತ್ತಿ ತಳ್ಳಿದರು. ಕಾಲಿಡುವ ತಟ್ಟೆಯ ಅಂಚು ಸರಿಯಾಗಿ ಆ ಗೆರೆಯಲ್ಲಿ ಕೂತಿತು.

"ಜಗಳ ಯಾಕೆ ಬಂತು ಅಂತ ಈಗಲಾದ್ರೂ ಹೇಳಿ" ಎಂದರು.

ಈ ಸಲ ಅವನು ಬಾಯಿ ಬಿಟ್ಟ. ಜಗಳದ ಹಿಂದಿನ ದಿನ ತಮ್ಮ ಅವನನ್ನು ಬೀದಿಯಲ್ಲಿ ತಡೆದು, ಅಮ್ಮನ ಕೋಣೆ ಮುಟ್ಟಬೇಡಿ, ನಾನು ಕೇಳಿದೆ ಅಂತ ಅಕ್ಕನಿಗೆ ಹೇಳಬೇಡಿ ಎಂದು ಬೇಡಿಕೊಂಡಿದ್ದನಂತೆ. ಇವನು ಮಾತು ಕೊಟ್ಟಿದ್ದ. ಹಾಗಾಗಿ ಬೆಳಿಗ್ಗೆ ಅಕ್ಕನಿಗೆ ಆ ಕೋಣೆ ಆಗಲ್ಲ ಎಂದಷ್ಟೇ ಹೇಳಿದ. ಅವಳಿಗೆ ಸಿಟ್ಟು ಬಂತು. ಮೂರು ವರ್ಷ ನಡುಮನೆಯ ನೆಲದ ಮೇಲೆ ಮಲಗಿದ್ದೀನಿ, ಇನ್ನಾದರೂ ಒಂದು ಕೋಣೆ ನನ್ನದಾಗಲಿ ಎಂದಳು. ಆ ಪಟ್ಟಿ ನೋಡಿದರೆ ಈಗಲೂ ನನ್ನ ಮಣಿಕಟ್ಟು ನೋಯುತ್ತೆ ಎಂದಳು. ನೀವು ಮಾಡದಿದ್ದರೆ ನಾನೇ ಉಜ್ಜುತ್ತೀನಿ ಎಂದು ಉಪ್ಪುಕಾಗದ ಕಿತ್ತುಕೊಂಡಳು.

ಇಷ್ಟು ದಿನ ಯಾಕಯ್ಯ ಹೇಳಲಿಲ್ಲ ಎಂದು ನಾನು ಗದರಿದೆ.

"ಅಕ್ಕನ್ನ ಕಳ್ಕೊಂಡು ಕೂತಿರೋರ ಹೆಸರು ಎಳೆಯೋಕೆ ಮನಸ್ಸು ಬರಲಿಲ್ಲ ಸಾರ್" ಎಂದ.

ನಾನು ಮತ್ತೆ ಅಂಗಡಿಗೆ ಓಡಿದೆ. ಮೊದಲೇ ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಆಗ ಕೇಳಿದೆ. ಮಾಲೀಕ ತಾನು ಒಂದರಿಂದ ಎರಡರವರೆಗೆ ಮನೆಗೆ ಊಟಕ್ಕೆ ಹೋಗುತ್ತೇನೆ ಎಂದ. ಆ ಒಂದು ಗಂಟೆ ತಮ್ಮ ಅಂಗಡಿಯಲ್ಲಿದ್ದನೋ ಇಲ್ಲವೋ ನೋಡಿದವರಿಲ್ಲ.

* * *

ಆ ಗೆರೆಯ ಗುಳಿಯಿಂದ ಕೆರೆದು ಕಳಿಸಿದ್ದರ ಲ್ಯಾಬ್ ವರದಿ ಬಂದ ದಿನ ಮೇಡಂ ತಮ್ಮನನ್ನು ಅದೇ ಕೋಣೆಗೆ ಕರೆಸಿದರು. ಬಿಡುಗಡೆಯಾಗಿದ್ದ ಪೇಂಟರ್ ಬಾಗಿಲಲ್ಲಿ ನಿಂತಿದ್ದ.

ಮೇಡಂ ದನಿ ಏರಿಸಲಿಲ್ಲ. ಮಧ್ಯಾಹ್ನ ನೀವು ಬಂದಾಗ ಅಕ್ಕ ಇಲ್ಲಿ ಕೂತು ಉಜ್ಜುತ್ತಿದ್ದರು. ಬೇಡವೆಂದಿರಿ, ಎಳೆದಾಡಿದಿರಿ, ತಳ್ಳಿದಿರಿ. ತಲೆ ಮಂಚದ ಮೂಲೆಗೆ ಬಡಿಯಿತು. ಅವರನ್ನು ನಡುಮನೆಗೆ ಎತ್ತಿಕೊಂಡು ಹೋಗಿ ಸ್ಟೂಲು ಉರುಳಿಸಿದಿರಿ. ನೆಲ, ಮಂಚ ಒರೆಸಿದಿರಿ. ಹಳೇ ಮರಕ್ಕೆ ಹಿಡಿದ ರಕ್ತ ಹೋಗಲಿಲ್ಲ, ಬಣ್ಣ ಹೊಡೆದಿರಿ.

"ಆ ಗೆರೆ ಮೇಲೂ ಹೊಡೆದಿದ್ರೆ ನಮಗೆ ಅನುಮಾನ ಬರ್ತಾನೇ ಇರಲಿಲ್ಲ. ಅದನ್ನ ಬರೀ ಬಟ್ಟೆಯಲ್ಲಿ ಒರೆಸಿದ್ರಿ. ಗುಳಿಯಲ್ಲಿ ನಿಮ್ಮಕ್ಕನ ರಕ್ತ ಹಾಗೇ ಉಳಿದಿದೆ. ಹೊರಗಿನವರು ಕೊಂದಿದ್ರೆ ಆ ಗೆರೆನ ಯಾಕೆ ಉಳಿಸ್ತಿದ್ರು?"

ತಮ್ಮ ನಿರಾಕರಿಸಲಿಲ್ಲ. ಅವನ ಮುಖದಲ್ಲಿ ಭಾರ ಇಳಿಸಿದವನ ಸುಸ್ತಿತ್ತು.

"ಅಮ್ಮ ಇದ್ಳು ಅನ್ನೋದಕ್ಕೆ ಈ ಮನೇಲಿ ಅದೊಂದೇ ಗುರುತು ಮೇಡಂ. ಅಕ್ಕ ಅರ್ಧ ಗೇಣು ಉಜ್ಜಿಬಿಟ್ಟಿದ್ಳು. ಕಿತ್ಕೊಳ್ಳೋಕೆ ಹೋದೆ, ಅಷ್ಟೇ. ಕೊಲ್ಲಬೇಕು ಅಂತ ಅಲ್ಲ."

"ಗೊತ್ತು. ಆದ್ರೆ ನಿಮಗೆ ಕೊಟ್ಟ ಮಾತಿಗೆ ಈ ಮನುಷ್ಯ ಬಾಯಿ ಬಿಡದೆ ಒಳಗೆ ಕೂತಿದ್ದ. ನೀವೂ ಬಾಯಿ ಬಿಡಲಿಲ್ಲ."

ತಮ್ಮ ಪೇಂಟರ್ ಕಡೆ ಕೈ ಮುಗಿದ. ಪೇಂಟರ್ ನೆಲ ನೋಡಿದ. ನನಗೂ ಅವನಲ್ಲಿ ಕ್ಷಮೆ ಕೇಳಬೇಕಿತ್ತು. ಠಾಣೆಯಿಂದ ತಂದಿದ್ದ ಅವನ ಚೀಲವನ್ನು ಕೈಗಿಟ್ಟೆ, ಅಷ್ಟೇ.

ಮೇಡಂ ಮಾತ್ರ ಇನ್ನೂ ಆ ಪಟ್ಟಿಯನ್ನೇ ನೋಡುತ್ತಿದ್ದರು.

"ನಿಮ್ಮಮ್ಮ ಗಾಲಿ ತಾವೇ ತಿರುಗಿಸ್ತಿದ್ರಾ?"

"ಇಲ್ಲ. ಕೈಯಲ್ಲಿ ಸ್ವಾಧೀನ ಇರಲಿಲ್ಲ."

"ನೀವು ತಳ್ತಿದ್ರಾ?"

"ನಾನು ಅಂಗಡೀಲಿ ಇರ್ತಿದ್ದೆ."

"ಇಷ್ಟು ಇಕ್ಕಟ್ಟಲ್ಲಿ ಅಷ್ಟು ಭಾರದ ಕುರ್ಚಿ ಒಬ್ಬರೇ ತಿರುಗಿಸಿದ್ರೆ ಗೋಡೆಗೆ ಉಜ್ಜದೆ ಇರುತ್ತಾ? ಮೂರು ವರ್ಷ, ದಿನಾ ಉಜ್ಜಿದೆ. ಈಗ ಹೇಳಿ, ಈ ಗೆರೆ ಯಾರು ಎಳೆದದ್ದು?"

ಅವನು ಅಲ್ಲೇ ಕುಸಿದು ಕೂತ.

"ಅಕ್ಕ" ಎಂದ.

ಎಂಟು ತಿಂಗಳಿಂದ ಅಮ್ಮನದೆಂದು ಸವರುತ್ತಿದ್ದ ಆ ಗೆರೆಯ ಕಡೆ ಕೈ ಚಾಚಿದ. ಮುಟ್ಟಲು ಅವನಿಗೆ ಧೈರ್ಯ ಬರಲಿಲ್ಲ.