ದಾರ ಅಂಗೈಯಷ್ಟು ಕಮ್ಮಿ

ದರ್ಜಿ ತನ್ನ ಕತ್ತನ್ನು ತಾನೇ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡಿದ್ದ. ಅದಕ್ಕೆ ತಾನೇ ಕಾರಣ ಎಂದು ಗೊತ್ತಾದಾಗ ಲ್ಯಾಬಿನ ಹುಡುಗಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕೆಳಗೆ ಅವನ ಅಂಗಡಿ, ಮಹಡಿ ಮೇಲೆ ಅವಳು ರಕ್ತ ತೆಗೆಯುವ ಲ್ಯಾಬ್. ಇಬ್ಬರದೂ ಸೂಜಿ ಹಿಡಿಯುವ ಕೆಲಸವೆಂದು ಅವನು ಅವಳನ್ನು ‘ಸೂಜಿ ಮೇಡಂ’ ಅನ್ನುತ್ತಿದ್ದ. ಅವಳ ಬಿಳಿ ಕೋಟಿನ ಕಿತ್ತುಹೋದ ಗುಂಡಿಯಿಂದ ಶುರುವಾದ ಮಾತು ಅದು. ಆಮೇಲಿನ ಗುಂಡಿಗಳನ್ನೆಲ್ಲ ಅವಳೇ ಕಿತ್ತು ತಂದಿದ್ದಳು. ಅವನಿಗೂ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಹೊಲಿದುಕೊಡುತ್ತಿದ್ದ.

ಅವನು ಮಷೀನಿನ ಮೇಲೆ ಬಗ್ಗಿದಾಗೆಲ್ಲ ಅವಳ ಕಣ್ಣು ಅವನ ಕತ್ತಿನ ಹಿಂದೆಯೇ ಇರುತ್ತಿತ್ತು. ಮೊದಮೊದಲು ಬರೀ ಪ್ರೀತಿಯಿಂದ. ಅಂಗಡಿಗೆ ಹೊಸ ದೀಪ ಬಂದ ಸಂಜೆ ಅಲ್ಲಿಯ ಚರ್ಮ ಮಖಮಲ್ಲಿನಂತೆ ದಪ್ಪಗೆ, ಕಪ್ಪಗೆ ಕಂಡಿತು.

ಅಪ್ಪನ ಕತ್ತೂ ಹೀಗೇ ಇತ್ತು. ಬಿಸಿಲಿಗೆ ಕಪ್ಪಾಗಿದೆ ಬಿಡೇ, ಅನ್ನುತ್ತಿದ್ದರು ಅಪ್ಪ. ಆಮೇಲೆ ಸಕ್ಕರೆ ಕಾಯಿಲೆ ಬಂತು, ಕಣ್ಣು ಮಂಜಾಯಿತು, ಒಂದು ಕಾಲು ಹೋಯಿತು, ಕೊನೆಗೆ ಅಪ್ಪನೇ ಹೋದರು. ಅವರ ಪಾದದ ಹುಣ್ಣಿಗೆ ಪಟ್ಟಿ ಕಟ್ಟುತ್ತಲೇ ಅವಳು ದೊಡ್ಡವಳಾಗಿದ್ದಳು.

ದೀಪ ಬಂದ ಆ ಸಂಜೆಯಿಂದ ಅವಳು ದರ್ಜಿಯ ಕತ್ತನ್ನು ನೋಡುತ್ತಲೇ ಇದ್ದಳು, ಬಾಯಿ ಮಾತ್ರ ಬಿಡಲಿಲ್ಲ. ಬಾಯಿಬಿಟ್ಟರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಭಯ. ಆ ನೋಟಕ್ಕೆ ದರ್ಜಿ ಬೇರೆಯೇ ಅರ್ಥ ಕಟ್ಟಿಕೊಂಡಿದ್ದ.

"ಕೊಳೆ ಅಂದ್ಕೊಂಡೆ ಕಣ್ರೀ," ಅಂದ, ಕೆಂಪಾದ ಕತ್ತನ್ನು ಕೈಯಲ್ಲಿ ಮುಚ್ಚಿಕೊಳ್ಳುತ್ತ. "ನೀವೋ ಬಿಳಿ ಕೋಟಿನೋರು. ಈ ಮನುಷ್ಯ ಸ್ನಾನ ಮಾಡ್ತಾನೋ ಇಲ್ವೋ ಅಂತ ನೋಡ್ತಿದ್ದೀರಿ ಅನ್ನಿಸ್ತು. ಕಲ್ಲು ಹಾಕಿ ಉಜ್ಜಿದೆ. ಹಾಳಾದ್ದು ಹೋಗ್ಲೇ ಇಲ್ಲ."

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಕಣ್ಣು ತುಂಬಿತು. "ಅದು ಕೊಳೆ ಅಲ್ಲ," ಎಂದು ಅಪ್ಪನ ಕತ್ತಿನಿಂದ ಕಾಲಿನವರೆಗಿನ ಕಥೆಯನ್ನೆಲ್ಲ ಹೇಳಿದಳು. "ನಿಮ್ಮ ಪ್ಯಾಂಟ್ ಈಚೆಗೆ ಬಿಗಿ ಆಗ್ತಿದ್ಯಾ?"

"ದರ್ಜಿ ಪ್ಯಾಂಟ್ ಬಿಗಿ ಆಗೋದುಂಟಾ?" ಎಂದು ಜಂಬದಿಂದ ನಕ್ಕವನ ಮುಖ ಹಾಗೇ ಇಳಿಯಿತು. ಬಿಗಿಯೆನ್ನಿಸಿದಾಗೆಲ್ಲ ಅವನು ಹೊಲಿಗೆ ಬಿಚ್ಚಿ ಒಳಗಿನ ಬಟ್ಟೆ ಬಿಟ್ಟುಕೊಳ್ಳುತ್ತಿದ್ದ. ಊರವರ ಹೊಟ್ಟೆಗೆಲ್ಲ ಟೇಪು ಹಿಡಿಯುವವನಿಗೆ ತನ್ನ ಹೊಟ್ಟೆ ಬೆಳೆದದ್ದೇ ತಿಳಿದಿರಲಿಲ್ಲ.

ಅವಳು ಉಂಡೆಯಿಂದ ದಾರ ಎಳೆದಳು. ಅವನನ್ನು ಗೋಡೆಗೆ ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಹಿಡಿದು ಕತ್ತರಿಸಿ, ಸರಿಯಾಗಿ ಎರಡಾಗಿ ಮಡಚಿದಳು.

"ಸೊಂಟ ಎತ್ತರದ ಅರ್ಧ ಮೀರಬಾರದು. ಇಷ್ಟು ದಾರ ನಿಮ್ಮ ಸೊಂಟ ಸುತ್ತಬೇಕು. ಉಸಿರು ಬಿಡಿ. ಹೊಟ್ಟೆ ಒಳಗೆ ಎಳ್ಕೋಬೇಡಿ."

"ಈ ಮಾತು ದಿನಾ ನಾನು ಗಿರಾಕಿಗಳಿಗೆ ಹೇಳೋದು," ಅಂದ. ಅವಳ ತೋಳು ಸುತ್ತಲೂ ಬಂದಾಗ ಉಸಿರು ಬಿಡುವುದನ್ನೇ ಮರೆತ. ಅವಳಿಗಂತೂ ನಾಚಿಕೆಗೂ ಪುರುಸೊತ್ತಿರಲಿಲ್ಲ. ದಾರದ ತುದಿಗಳು ಕೂಡಲಿಲ್ಲ. ಒಂದು ಅಂಗೈಯಷ್ಟು ಕಮ್ಮಿ.

"ರಕ್ತದಲ್ಲಿರೋ ಸಕ್ಕರೇನ ಮೈಯೊಳಗೆ ಬಿಡಿಸೋಕೆ ಇನ್ಸುಲಿನ್ ಬಾಗಿಲು ತಟ್ಟುತ್ತೆ," ಎಂದು ಮೆಲ್ಲಗೆ ಹೇಳಿದಳು. "ಮೈ ಕಿವುಡಾದ್ರೆ ಇನ್ನೂ ಜೋರಾಗಿ ತಟ್ಟುತ್ತೆ. ಒಂದಿನ ಅದಕ್ಕೂ ಸುಸ್ತಾಗುತ್ತೆ, ಆಗ್ಲೇ ಸಕ್ಕರೆ ಕಾಯಿಲೆ. ಈ ಕತ್ತು, ಈ ದಾರ ಎಲ್ಲ ಬರೀ ಸುಳಿವು. ನಾಳೆ ಖಾಲಿ ಹೊಟ್ಟೇಲಿ ಮೇಲೆ ಬನ್ನಿ."

ಬೆಳಿಗ್ಗೆ ಬಂದ. ಹುಟ್ಟಾ ಸೂಜಿಯ ಜೊತೆಗೇ ಬದುಕಿದವನು ಅವಳ ಸೂಜಿ ಕಂಡದ್ದೇ ಕಣ್ಣು ಮುಚ್ಚಿಕೊಂಡ.

"ಮೇಡಂ, ನಡುಗ್ತಿರೋದು ನನ್ನ ಕೈಯಲ್ಲ, ನಿಮ್ಮದು."

"ಪ್ರೀತಿಸೋರ ರಕ್ತ ತೆಗೆದು ಅಭ್ಯಾಸ ಇಲ್ಲ ನನಗೆ."

ಬಾಯಿತಪ್ಪಿ ಬಂದ ಮಾತು. ಅವನು ಕಣ್ಣು ಬಿಟ್ಟ. ಸೂಜಿ ಚುಚ್ಚಿದ್ದೂ ಅವನಿಗೆ ತಿಳಿಯಲಿಲ್ಲ.

ಸಂಜೆ ಅವಳು ಕೆಳಗಿಳಿದು ಬಂದಳು. ಸಕ್ಕರೆ ನಾರ್ಮಲ್ ಎಂದದ್ದೇ ತಡ, ಅವನು ಕುಣಿದುಬಿಟ್ಟ.

"ಕುಣೀಬೇಡಿ, ಪೂರ್ತಿ ಕೇಳಿ. ಟ್ರೈಗ್ಲಿಸರೈಡ್, ಅಂದ್ರೆ ರಕ್ತದಲ್ಲಿರೋ ಕೊಬ್ಬು, ಜಾಸ್ತಿ ಇದೆ, ಒಳ್ಳೇ ಕೊಲೆಸ್ಟ್ರಾಲ್ ಕಮ್ಮಿ. ಅದನ್ನ ಇದ್ರಿಂದ ಭಾಗಿಸಿದ್ರೆ ಬರೋ ಸಂಖ್ಯೆ ಚೆನ್ನಾಗಿಲ್ಲ. ಡಾಕ್ಟರಿಗೂ ತೋರಿಸ್ದೆ. ಕಾಯಿಲೆ ಇನ್ನೂ ಬಂದಿಲ್ಲ, ದಾರೀಲಿದೆ ಅಂದ್ರು. ಊಟ ತಿದ್ದಿ, ದಿನಾ ನಡೆದ್ರೆ ತಡೀಬಹುದಂತೆ."

"ಬಹುದಂತೆ," ಎಂದು ಅವನು ಅದೊಂದೇ ಮಾತನ್ನು ಹಿಡಿದುಕೊಂಡ. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟ. "ನಿಮ್ಮಪ್ಪನ ವಿಷಯ ನೀವೇ ಹೇಳಿದ್ರಿ. ಇನ್ನೊಬ್ಬರ ಕಾಲಿಗೆ ಪಟ್ಟಿ ಕಟ್ಟೋ ಬದುಕು ನಿಮಗೆ ಬೇಡ. ಬೆಳಿಗ್ಗೆ ಹೇಳಿದ ಮಾತು ವಾಪಸ್ ತಗೊಂಡ್ಬಿಡಿ. ನಾನೇನೂ ಅಂದ್ಕೊಳ್ಳಲ್ಲ."

ಅವಳ ಕಾಲು ನಿಜವಾಗಿಯೂ ಬಾಗಿಲ ಕಡೆ ತಿರುಗಿತು. ಹುಣ್ಣಿನ ವಾಸನೆ ಮೂಗಿಗೆ ಬಂದಂತಾಯಿತು. ಓಡಿಹೋಗುವಷ್ಟು ಭಯವಾಗಿತ್ತು ಅವಳಿಗೆ. ಮಷೀನಿನ ಮೇಲೆ ನಿನ್ನೆಯ ದಾರ ಮಡಚಿದ ಹಾಗೇ ಬಿದ್ದಿತ್ತು.

"ನಮ್ಮಪ್ಪನಿಗೆ ಸಮಯಕ್ಕೆ ಯಾರೂ ದಾರ ಹಿಡೀಲಿಲ್ಲ," ಎಂದಳು.

ತಿರುಗಿ ಬಂದು ಅವನನ್ನು ಎಬ್ಬಿಸಿ ನಿಲ್ಲಿಸಿ ದಾರ ಸುತ್ತಿದಳು. ತುದಿಗಳನ್ನು ಅವನ ಕೈಗೇ ಕೊಟ್ಟು, ನಡುವೆ ಉಳಿದ ಜಾಗದ ಮೇಲೆ ತನ್ನ ಅಂಗೈ ಇಟ್ಟಳು.

"ಸದ್ಯಕ್ಕೆ ಇಷ್ಟು ಜಾಗಕ್ಕೆ ನಾನಿರ್ತೀನಿ."

"ಆಮೇಲೆ ದಾರವೇ ಸಾಕಾದ್ರೆ?"

"ಆಗ ನನ್ನ ಕೈ ಖಾಲಿ ಆಗುತ್ತೆ. ಹಿಡ್ಕೊಳ್ಳಿ."

ಅಲ್ಲಿಯವರೆಗೆ ಅವನು ಕಾಯಲಿಲ್ಲ. ದಾರ ಕೆಳಗೆ ಬಿತ್ತು. ಹಿಡಿದ ಕೈಯೂ ತಣ್ಣಗಿತ್ತು, ಹಿಡಿಸಿಕೊಂಡ ಕೈಯೂ ತಣ್ಣಗಿತ್ತು. ಇಬ್ಬರೂ ಬಿಡಲಿಲ್ಲ.